ಮುಗಿಸದೇ ಬಿಟ್ಟ ಸುದ್ದಿ

ಮಧ್ಯಾಹ್ನ ಎರಡೂವರೆ ಇರಬೇಕು. ಡೆಸ್ಕಿನಲ್ಲಿ ಜನ ಕಮ್ಮಿ ಇರುವ ಹೊತ್ತು. ಫೋನ್ ಎತ್ತಿದರೆ ಒಬ್ಬ ಹೆಂಗಸಿನ ದನಿ. "ನನ್ನ ಬಗ್ಗೆ ಬರೆದವರು ನೀವೇನಾ ಸರ್?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಕಸಿವಿಸಿಯಾಯಿತು. ಬೈಯುವವರಿಗೆ ಉತ್ತರ ಹೇಳಿ ನಮಗೆ ಅಭ್ಯಾಸವಿದೆ.

11 ವರ್ಷದ ಹಿಂದೆ ನಾನು ಕ್ರೈಮ್ ಬೀಟ್‌ನಲ್ಲಿದ್ದೆ. ಕೆಲಸಕ್ಕಿದ್ದ ಮನೆಯಲ್ಲಿ ಒಡವೆ ಕದ್ದರು ಎಂಬ ಆರೋಪದ ಮೇಲೆ ಅವರನ್ನು ಬಂಧಿಸಿದ್ದರು. ಸುದ್ದಿ ಬರೆದೆ, ಅಚ್ಚಾಯಿತು, ವೆಬ್‌ಸೈಟಿಗೂ ಹೋಯಿತು. ಎರಡು ವರ್ಷದ ನಂತರ ಕೋರ್ಟು ಅವರನ್ನು ಖುಲಾಸೆ ಮಾಡಿತ್ತು. ಅದನ್ನು ನಾವು ಬರೆಯಲೇ ಇಲ್ಲ. ಅಷ್ಟರಲ್ಲಿ ಬೀಟ್ ಬದಲಾಗಿತ್ತು ಅನ್ನಬಹುದು. ನಿಜ ಹೇಳಬೇಕೆಂದರೆ, ಆ ಕೇಸು ನನಗೆ ಮರೆತೇ ಹೋಗಿತ್ತು.

"ಮಗಳ ಕ್ಲಾಸಿನವರು ನನ್ನ ಹೆಸರು ಹಾಕಿ ಹುಡುಕಿದಾರೆ ಸರ್. ಮೊದಲು ಬರೋದೇ ಅದು. ತೆಗೆದುಹಾಕ್ತೀರಾ?"

ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಒಂದು ಸಲ ಬರೆದದ್ದೇ ಜಾಸ್ತಿಯಾಯಿತು.

ಹಳೇ ಪುಟ ತೆರೆದೆ. 'ಮನೆಗೆಲಸದ ಕಳ್ಳಿ ಸೆರೆ' ಅಂತ ಶೀರ್ಷಿಕೆ. ಆರೋಪಿ ಅನ್ನುವ ಪದ ಎಲ್ಲೂ ಇಲ್ಲ. ಕೋರ್ಟಿಗಿಂತ ಮುಂಚೆ ನಾವೇ ತೀರ್ಪು ಕೊಟ್ಟು ಕೂತಿದ್ದೆವು. ಕೆಳಗೆ ಹೆಸರು, ವಯಸ್ಸು, ಮನೆ ಇರುವ ಬೀದಿ. ಆಮೇಲೆ ಒಂದು ಸಾಲು: 'ಗಂಡನಿಂದ ದೂರವಾಗಿ ಒಬ್ಬಳೇ ವಾಸವಾಗಿದ್ದಳು.' ಆ ಸಾಲಿನ ಮುಂದೆ ತುಂಬಾ ಹೊತ್ತು ಕೂತೆ. ಒಡವೆಗೂ ಇವರ ಗಂಡನಿಗೂ ಏನು ಸಂಬಂಧ? ಪೊಲೀಸರು ಕೊಟ್ಟ ಟಿಪ್ಪಣಿಯಲ್ಲಿತ್ತು, ಇಳಿಸಿಕೊಂಡಿದ್ದೆ. ಸುದ್ದಿಗೆ ಸ್ವಲ್ಪ ಖಾರ ಬರಲಿ ಅಂತಲೂ ಇರಬಹುದು. ಯಾವ ಹಿರಿಯರೂ ಅದನ್ನು ಹೊಡೆದುಹಾಕಲಿಲ್ಲ.

ಹಾಗಂತ ಬಂಧನದ ಸುದ್ದಿಯೇ ತಪ್ಪು ಅಂತ ನನಗನ್ನಿಸುವುದಿಲ್ಲ. ಪೊಲೀಸರು ಯಾರನ್ನು ಹಿಡಿದು ಒಳಗೆ ಹಾಕಿದರು ಎಂಬುದು ಹೊರಗೆ ಗೊತ್ತಾಗಲೇಬೇಕು. ಸದ್ದಿಲ್ಲದೆ ಜನ ಮಾಯವಾಗುವ ಕಡೆ ಏನೇನು ನಡೆಯುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಸಂಪಾದಕರ ಹತ್ತಿರ ಹೋದೆ. "ಇವತ್ತು ಇವರದ್ದು ತೆಗೀರಿ. ನಾಳೆ ಲಂಚ ತಿಂದ ಅಧಿಕಾರಿ ವಕೀಲರನ್ನು ಕರ್ಕೊಂಡು ಬರ್ತಾನೆ, ನಂದೂ ತೆಗೀರಿ ಅಂತ" ಎಂದರು. ಬರುತ್ತಾರೆ, ನಾನೇ ನೋಡಿದ್ದೇನೆ. ಖಾಸಗಿ ವಿಷಯ ಅಂತ ಜಾಸ್ತಿ ಕೂಗಾಡುವವರು ಅವರೇ.

1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯಲ್ಲಿ 12ನೇ ವಿಧಿ ಖಾಸಗಿತನಕ್ಕೆ, 19ನೇ ವಿಧಿ ಮಾತಿನ ಸ್ವಾತಂತ್ರ್ಯಕ್ಕೆ. ಎರಡೂ ಒಂದೇ ಕಾಗದದಲ್ಲಿವೆ. ಯಾವುದು ಮೇಲು ಅಂತ ಅದರಲ್ಲಿ ಹೇಳಿಲ್ಲ. ಆ ಜಗಳ ನಮ್ಮಂಥವರ ಮೇಜಿಗೆ ಬಂದು ಬೀಳುತ್ತದೆ.

ಆಗ ನನಗೆ ನೆನಪಾದದ್ದು 2014ರಲ್ಲಿ ಯುರೋಪಿನ ಒಕ್ಕೂಟದ ನ್ಯಾಯಾಲಯ ಕೊಟ್ಟ ತೀರ್ಪು. ಸ್ಪೇನಿನ ಒಬ್ಬರ ಆಸ್ತಿ ಸಾಲಕ್ಕಾಗಿ ಹರಾಜಿಗೆ ಬಂದಿತ್ತು. 1998ರಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಸಾಲ ತೀರಿ ಎಷ್ಟೋ ವರ್ಷವಾದರೂ ಗೂಗಲ್‌ನಲ್ಲಿ ಅವರ ಹೆಸರು ಹಾಕಿದರೆ ಅದೇ ಸಿಗುತ್ತಿತ್ತು. ಪತ್ರಿಕೆಯ ಪುಟ ಹಾಗೇ ಉಳಿಯಿತು. ಹೆಸರು ಹಾಕಿ ಹುಡುಕಿದಾಗ ಅಂಥ ಕೊಂಡಿ ತೋರಿಸಬಾರದು ಅಂತ ಕೇಳುವ ಹಕ್ಕು ಸಿಕ್ಕಿತು. ತಮಾಷೆ ಅಂದರೆ, ಮರೆಸಿ ಅಂತ ಕೋರ್ಟಿಗೆ ಹೋದ ಮನುಷ್ಯನ ಹೆಸರು ಈಗ ಕಾನೂನು ಓದುವವರಿಗೆಲ್ಲ ಬಾಯಿಪಾಠ.

ಸಂಜೆವರೆಗೂ ಎಳೆದಾಡಿದೆವು. ಆ ಹೆಂಗಸು ತಮ್ಮ ಖುಲಾಸೆಯ ತೀರ್ಪಿನ ಪ್ರತಿ ಕಳಿಸಿದರು, ಅದನ್ನು ಪರಿಶೀಲಿಸಿದೆವು. ಸುದ್ದಿಯ ಮೇಲ್ಗಡೆ 'ನ್ಯಾಯಾಲಯ ಇವರನ್ನು ಖುಲಾಸೆಗೊಳಿಸಿದೆ' ಅಂತ ಸೇರಿಸಿದೆವು. ಶೀರ್ಷಿಕೆ ಬದಲಾಯಿತು. ಬೀದಿಯ ಹೆಸರು, ಗಂಡನ ಸಾಲು ಹೋದವು. ತಿದ್ದಿದ್ದೇವೆ ಅಂತ ಕೆಳಗೆ ದಿನಾಂಕ ಹಾಕಿದೆವು. ಆ ಪುಟ ಹುಡುಕಾಟದಲ್ಲಿ ಬಾರದ ಹಾಗೆ ಮಾಡಲು ಟೆಕ್ನಿಕಲ್ ಹುಡುಗರಿಗೆ ಹೇಳಿದೆವು. ಇದಕ್ಕೆ ಸಂಪಾದಕರು ಅರೆಮನಸ್ಸಿನಿಂದ ಒಪ್ಪಿದ್ದು.

ಅವರಿಗೆ ಫೋನ್ ಮಾಡಿ ತಿಳಿಸಿದೆ. ಜೊತೆಗೆ, ಖುಲಾಸೆಯ ಸುದ್ದಿಯನ್ನು ಪೇಪರಿನಲ್ಲೂ ಹಾಕುತ್ತೇವೆ, ಅವತ್ತು ಬಂದ ಪುಟದಲ್ಲೇ, ಅಂತ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ.

"ಬೇಡ ಸರ್. ಇನ್ನೊಂದ್ಸಲ ನನ್ನ ಹೆಸರು ಪೇಪರಿಗೆ ಬೇಡ" ಅಂದರು.