ಬೆಸುಗೆ ಗಟ್ಟಿಯಿದ್ದರೂ ವೈರ್ ಹರಿಯುವುದೇಕೆ?

ಬ್ಯಾಡಗಿ ಕಡೆ ಮೆಣಸಿನ ಗಿಡಕ್ಕೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ನಿಂತರೆ, ಬೋರ್ಡ್ ಸುಟ್ಟಿದೆ ಎಂದು ಹೊಸದು ತರುವ ಮೊದಲು ಅದರ ವೈರುಗಳನ್ನು ಮೆಲ್ಲಗೆ ಎಳೆದು ನೋಡಿ. ಹರಿದಿದ್ದರೆ ಜಾಗ ಗಮನಿಸಿ. ಸಾಮಾನ್ಯವಾಗಿ ಬೆಸುಗೆ ಬಿಟ್ಟಿರುವುದಿಲ್ಲ, ಅದರಿಂದ ಒಂದೆರಡು ಮಿ.ಮೀ. ಆಚೆ ತಂತಿ ತುಂಡಾಗಿರುತ್ತದೆ.

ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ವೈರಿನ ಎಳೆಗಳ ಸಂದಿಯಲ್ಲಿ ಸೋಲ್ಡರ್, ಅಂದರೆ ಬೆಸುಗೆಗೆ ಕರಗಿಸುವ ಲೋಹ, ಮೇಲೇರುತ್ತದೆ. ಏರಿದಷ್ಟೂ ಉದ್ದ ವೈರ್ ಸೆಟೆದುಕೊಳ್ಳುತ್ತದೆ. ಆಮೇಲೆ ಅಲುಗಾಟವೆಲ್ಲ ಸೋಲ್ಡರ್ ಮುಗಿಯುವ ಗೆರೆಯ ಮೇಲೇ ಬಿದ್ದು ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹೆಚ್ಚು ಸೋಲ್ಡರ್ ಸುರಿದರೆ ಗಟ್ಟಿ ಎಂಬ ನಂಬಿಕೆ ಇಲ್ಲಿ ಪೂರ್ತಿ ತಿರುಗುಮುರುಗು.

ಅಂಗಡಿಯಲ್ಲಿ 14/36 ಎಂದು ಸಿಗುವ ವೈರಿನಲ್ಲಿ 36 ಗೇಜಿನ 14 ಎಳೆಗಳಿರುತ್ತವೆ. ಹೊಸೆದಾಗ ದಪ್ಪ ಒಂದು ಮಿ.ಮೀ.ಗಿಂತ ತುಸು ಕಡಿಮೆ, ಬೋರ್ಡಿನ 1.2 ಮಿ.ಮೀ. ತೂತಿಗೆ ಸಲೀಸಾಗಿ ಹೋಗುತ್ತದೆ. ತುದಿಯಲ್ಲಿ 4 ಮಿ.ಮೀ. ಸುಲಿಯಿರಿ. ಎರಡು ಎಳೆ ತುಂಡಾದರೂ ಕತ್ತರಿಸಿ ಮತ್ತೆ ಸುಲಿಯುವುದೇ ಸರಿ. ಔಷಧಿಯ ಹಸಿಗೆ ತಾಮ್ರ ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ.

ಎಳೆಗಳನ್ನು ಅವು ಮೊದಲೇ ಸುತ್ತಿಕೊಂಡಿರುವ ದಿಕ್ಕಿಗೇ ಹೊಸೆದು, ತುದಿಯ 3 ಮಿ.ಮೀ.ಗೆ ಮಾತ್ರ ಸೋಲ್ಡರ್ ಹಿಡಿಸಿ. ಎಳೆಗಳ ಗುರುತು ಕಾಣುವಷ್ಟು ತೆಳುವಾಗಿರಲಿ. ಪ್ಲಾಸ್ಟಿಕ್ ಪಕ್ಕದ 1 ಮಿ.ಮೀ. ತಾಮ್ರ ಹಾಗೇ ಉಳಿಯಬೇಕು. ಇಡೀ ಕೆಲಸದ ಜೀವ ಇರುವುದು ಅಲ್ಲಿ. ಆ ಜಾಗವನ್ನು ಸಣ್ಣ ಚಿಮಟದಲ್ಲಿ ಹಿಡಿದರೆ ಶಾಖ ಅಲ್ಲೇ ತಡೆದು ಸೋಲ್ಡರ್ ಮೇಲೇರುವುದಿಲ್ಲ.

ಬೋರ್ಡಿನ ಮೇಲೆ ವೈರ್ ಬೆಸೆಯುವ ಚಿಕ್ಕ ತಾಮ್ರದ ಬಿಲ್ಲೆಗೆ (ಪ್ಯಾಡ್) 25 ವ್ಯಾಟಿನ ಸೋಲ್ಡರಿಂಗ್ ಐರನ್, ರಾಳ ತುಂಬಿದ 60/40 (60 ಪಾಲು ತವರ, 40 ಪಾಲು ಸೀಸ) ಸೋಲ್ಡರ್ ಸಾಕು. ಐರನ್ನಿನ ಬಿಸಿ ತುದಿಯನ್ನು ಪ್ಯಾಡಿಗೂ ವೈರಿಗೂ ಒಟ್ಟಿಗೆ ತಾಗಿಸಿ, ಒಂದು ಸೆಕೆಂಡ್ ಬಿಟ್ಟು ಸೋಲ್ಡರ್ ಕೊಡಿ. ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ. ಆರುವ ಮುನ್ನ ಕೈ ಅಲುಗಿದರೆ ಬೆಸುಗೆ ಮಂಕಾಗಿ ತರಿತರಿಯಾಗುತ್ತದೆ. ಹಾಗಾದರೆ ಸೋಲ್ಡರ್ ಹಿಡಿಯಲು ನೆರವಾಗುವ ರಾಳದ ಫ್ಲಕ್ಸ್ ಸ್ವಲ್ಪ ಹಚ್ಚಿ ಮತ್ತೆ ಕರಗಿಸಿ. ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಫ್ಲಕ್ಸ್ ಬೋರ್ಡಿನ ಹತ್ತಿರ ಬೇಡ, ಬೋರ್ಡಿನ ತಾಮ್ರದ ಗೆರೆಯನ್ನೇ (ಟ್ರ್ಯಾಕ್) ತಿನ್ನುತ್ತದೆ. 60/40ಯಲ್ಲಿ ಸೀಸವಿದೆ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಇಷ್ಟಾದರೂ ಎಳೆತವನ್ನು ಬೆಸುಗೆಯ ಮೇಲೆ ಬಿಡುವಂತಿಲ್ಲ. ಬೋರ್ಡಿನ ಅಂಚಿನಲ್ಲಿ ಖಾಲಿ ಜಾಗವಿದ್ದರೆ ಒಂದು ತೂತು ಕೊರೆದು ವೈರನ್ನು ಅದರೊಳಗಿಂದ ಹಾಯಿಸಿ ತನ್ನಿ, ಇಲ್ಲವೇ ಕೇಬಲ್ ಟೈಯಿಂದ ಕಟ್ಟಿ. ಗ್ಲೂ ಗನ್ನಿನ ಅಂಟು ಬಿಸಿಲಲ್ಲಿ ಮೆತ್ತಗಾಗುತ್ತದೆ, ಸಿಲಿಕೋನ್ ಉತ್ತಮ. ಆದರೆ ಹುಳಿ ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರಕ್ಕೆ ಕಿಲುಬು ತರುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ.

ಬೋರ್‌ವೆಲ್ ಸ್ಟಾರ್ಟರಿನಂಥ ಕಡೆ ಸ್ಕ್ರೂ ಕೆಳಗೆ ಹೋಗುವ ವೈರಿಗೆ ಸೋಲ್ಡರ್ ಹಿಡಿಸಲೇಬೇಡಿ. ಒತ್ತಡಕ್ಕೆ ಸೋಲ್ಡರ್ ನಿಧಾನವಾಗಿ ಸರಿದು ಸ್ಕ್ರೂ ಸಡಿಲಾಗುತ್ತದೆ, ಟರ್ಮಿನಲ್ ಕಾದು ಸುಡುತ್ತದೆ. ಅಲ್ಲಿಗೆ ವೈರಿನ ತುದಿಗೆ ತೊಡಿಸುವ ಲೋಹದ ಲಗ್ ಹಾಕಿ ಇಕ್ಕಳದಿಂದ ಒತ್ತಿ.