ಸ್ಕೋರ್‌ಕಾರ್ಡ್ ಪುಸ್ತಕ: ಫ್ರೆಡ್ ಹೈಲ್ಯಾಂಡ್ ಪುಟ ಮುಗಿಯಿತು

ಇಂಗ್ಲಿಷ್ ಕೌಂಟಿ ಕ್ರಿಕೆಟ್‌ಗೆ ಬಂದು ಅಷ್ಟೇ ಬೇಗ ಮರೆಯಾದ ಆಟಗಾರರ ಸ್ಕೋರ್‌ಕಾರ್ಡ್‌ಗಳನ್ನು ಕೈಯಲ್ಲೇ ಬರೆದು ಒಂದು ಪುಸ್ತಕ ಮಾಡುತ್ತಿದ್ದೇನೆ, ಒಬ್ಬರಿಗೆ ಒಂದು ಪುಟ. ಈ ವಾರ ಹ್ಯಾಂಪ್‌ಶೈರ್‌ನ ಫ್ರೆಡ್ ಹೈಲ್ಯಾಂಡ್ ಅವರ ಪುಟ ಮುಗಿಯಿತು. ತುಂಬಿಸಲು ಏನೂ ಇಲ್ಲದ ಈ ಪುಟಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ನಡೆದದ್ದು ಇಷ್ಟು. 1924ರ ಜೂನ್, ನಾರ್ಥಾಂಪ್ಟನ್‌ನಲ್ಲಿ ನಾರ್ಥಾಂಪ್ಟನ್‌ಶೈರ್ ವಿರುದ್ಧ ಪಂದ್ಯ. ಹೈಲ್ಯಾಂಡ್ ಅವರಿಗೆ ಅದೇ ಮೊದಲನೆಯದು. ಹ್ಯಾಂಪ್‌ಶೈರ್ ಫೀಲ್ಡಿಂಗಿಗೆ ಇಳಿಯಿತು, ಎರಡು ಓವರ್ ಆಯಿತು, ಎದುರಾಳಿಗಳು ವಿಕೆಟ್ ಕಳೆದುಕೊಳ್ಳದೆ 1 ರನ್ ಮಾಡಿದ್ದರು, ಆಮೇಲೆ ಮಳೆಯಿಂದಾಗಿ ಆಟ ಮುಂದುವರಿಯಲೇ ಇಲ್ಲ. ಹೈಲ್ಯಾಂಡ್ ಬ್ಯಾಟ್ ಹಿಡಿಯಲಿಲ್ಲ, ಕ್ಯಾಚ್ ಹಿಡಿಯಲಿಲ್ಲ. ಫಸ್ಟ್‌ಕ್ಲಾಸ್ ಪಂದ್ಯ, ಅಂದರೆ ಈ ಮೇಲ್ಮಟ್ಟದ ಪಂದ್ಯ, ಇನ್ನೊಂದು ಆಡಲೂ ಇಲ್ಲ.

ಒಂದೂ ಎಸೆತ ಬೀಳದೆ ಪಂದ್ಯ ರದ್ದಾಗಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ, ಅವರ ಹೆಸರೂ ದಾಖಲೆಗೆ ಸೇರುತ್ತಿರಲಿಲ್ಲ. ಜನ ಅವರನ್ನು ಮಳೆಯಲ್ಲಿ ಕೊಚ್ಚಿಹೋದ ಆಟಗಾರ ಅಂತ ನೆನೆಯುತ್ತಾರೆ. ನನಗೆ ಮಾತ್ರ ಆ ಎರಡು ಓವರ್ ಸಿಕ್ಕಿದ್ದೇ ದೊಡ್ಡದು ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಮೈದಾನದಲ್ಲಿದ್ದ ಹನ್ನೊಂದು ಜನರಲ್ಲಿ ಅವರೂ ಒಬ್ಬರು, ಅಲ್ವಾ?

ಹಾಗಾಗಿ ಪುಟವನ್ನು ಚಿಕ್ಕದು ಮಾಡಲಿಲ್ಲ. ಎರಡೂ ತಂಡಗಳ ಎರಡೂ ಇನಿಂಗ್ಸ್‌ಗೆ ಪೂರ್ತಿ ಗೆರೆ ಎಳೆದೆ. ಔಟಾದ ಬಗೆ, ರನ್, ಬೌಲಿಂಗ್, ವಿಕೆಟ್ ಬಿದ್ದ ಮೊತ್ತ, ಎಲ್ಲ ಕಾಲಂ ಇವೆ. ಪೆನ್ಸಿಲ್ ಗೆರೆಯ ಮೇಲೆ ಕಪ್ಪು ಶಾಯಿ. ಒಟ್ಟು ಮೊತ್ತದ ಜಾಗದಲ್ಲಿ ಒಂದೇ ಒಂದು 1. ಉಳಿದದ್ದು ಖಾಲಿ ಕಾಗದ, ಹಾಗೇ ಇರಬೇಕು.

ಹೆಸರು ಬರೆಯುವಾಗ ಸ್ವಲ್ಪ ಯೋಚಿಸಬೇಕಾಯಿತು. ಹೈಲ್ಯಾಂಡ್ ಸಂಬಳಕ್ಕೆ ಆಡುವ ಪ್ರೊಫೆಷನಲ್. ಆ ಕಾಲದ ಕಾರ್ಡ್‌ಗಳಲ್ಲಿ ಸಂಬಳವಿಲ್ಲದೆ ಆಡುವ ಅಮೆಚೂರ್‌ಗಳ ಹೆಸರಿನ ಹಿಂದೆ ಗೌರವದ ಮಾತು, ಇನಿಷಿಯಲ್ ಎಲ್ಲ ಬರುತ್ತಿತ್ತು, ಪ್ರೊಫೆಷನಲ್‌ಗಳಿಗೆ ಎಷ್ಟೋ ಸಲ ಬರೀ ಮನೆತನದ ಹೆಸರು. ಈ ಭೇದವನ್ನು ಇಂಗ್ಲೆಂಡ್ ತೆಗೆದುಹಾಕಿದ್ದು 1962ರ ಕೊನೆಯಲ್ಲಿ. ನನ್ನ ಪುಸ್ತಕದಲ್ಲಿ ಎಲ್ಲರಿಗೂ ಪೂರ್ತಿ ಹೆಸರು ಅಂತ ತೀರ್ಮಾನಿಸಿದ್ದೇನೆ. ಅದು ಹಳೇ ಕಾರ್ಡ್‌ನ ನಕಲಾಗುವುದಿಲ್ಲ, ಸರಿ, ಆದರೆ ಇಂಥವರಿಗೆ ಉಳಿದಿರುವುದೇ ಹೆಸರು, ಅದನ್ನೂ ಅರ್ಧ ಮಾಡಲು ನನಗೆ ಮನಸ್ಸಿಲ್ಲ.

ಹೋಲಿಕೆಗೆ ಅಂಚಿನಲ್ಲಿ ಒಂದು ಸಾಲು ಸೇರಿಸಿದೆ: ಅದೇ ಕಾಲದಲ್ಲಿ ಹ್ಯಾಂಪ್‌ಶೈರ್‌ಗೆ ಆಡುತ್ತಿದ್ದ ಫಿಲ್ ಮೀಡ್ ಆ ಕೌಂಟಿಯೊಂದಕ್ಕೇ 48,892 ರನ್ ಗಳಿಸಿದರು, ಒಂದೇ ತಂಡಕ್ಕೆ ಅಷ್ಟು ರನ್ ಬೇರೆ ಯಾರೂ ಮಾಡಿಲ್ಲ. ಕೆಳಗೆ ಹೈಲ್ಯಾಂಡ್ ಅವರ ಮುಂದಿನ ಬದುಕು. ಚೆಷೈರ್‌ನಲ್ಲಿ ಗಿಡಗಳ ನರ್ಸರಿ ನಡೆಸಿ ಒಳ್ಳೆ ಹೆಸರು ಮಾಡಿದರು, 1964ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಮಾತಿಗಾಗಿ ಅಂಚಿನ ಸುತ್ತ ಹಸಿರು ಶಾಯಿಯಲ್ಲಿ ಎಲೆಗಳನ್ನು ಬಿಡಿಸಿದೆ. ಇಡೀ ಪುಸ್ತಕದಲ್ಲಿ ಬಣ್ಣ ಬಳಸಿದ ಪುಟ ಇದೊಂದೇ.

ಮುಂದಿನದು ಸಸೆಕ್ಸ್‌ನ ಹೆರಾಲ್ಡ್ ಹೇಗೇಟ್. 1919ರಲ್ಲಿ ಟಾಂಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಸ್ಕೋರ್ ಸಮ ಆಗಿತ್ತು, ಉಳಿದಿದ್ದ ಕೊನೆಯ ಬ್ಯಾಟ್ಸ್‌ಮನ್ ಇವರೇ. ಕಾಲಿನ ನೋವಿನಿಂದ ಹೊತ್ತಿಗೆ ಸರಿಯಾಗಿ ಕ್ರೀಸ್ ತಲುಪಲಾಗಲಿಲ್ಲ, ಪಂದ್ಯ ಟೈ ಆಯಿತು. ಅದಕ್ಕೆ ನಾಲ್ಕೂ ಇನಿಂಗ್ಸ್ ಬರೆಯಬೇಕು. ಗೆರೆ ಎಳೆದಾಗಿದೆ, ನಾಳೆಯಿಂದ ಶಾಯಿ.