ಇನ್ವರ್ಟರ್ ಕೂಗುವ ತನಕ ಕಾಯಬೇಡಿ

ಮಳೆಗಾಲ ಶುರುವಾದರೆ ಶಿರಸಿ ಸುತ್ತಲಿನ ಹಳ್ಳಿಗಳಿಂದ ನನಗೆ ಬರುವ ಫೋನೆಲ್ಲ ಒಂದೇ ಥರ. "ಬ್ಯಾಟರಿ ಹೋದ ವರ್ಷ ಹಾಕ್ಸಿದ್ದು ತಮಾ, ಈಗ ಅರ್ಧ ತಾಸೂ ಬರ್ತಿಲ್ಲ." ಹುಲೇಕಲ್ ಕಡೆಯವರದ್ದೂ ಅದೇ ಮಾತು, ಬನವಾಸಿ ಕಡೆಯವರದ್ದೂ ಅದೇ. ಕರೆಂಟ್ ಹೋದಾಗ ಎಲ್ಲಿ ತನಕ ಓಡಿಸ್ತೀರಿ ಎಂದು ಕೇಳಿದರೆ, "ಅದಾಗೇ ಬಂದ್ ಆಗೋ ತನಕ" ಅನ್ನುತ್ತಾರೆ.

ತೊಂದರೆ ಇರುವುದೇ ಅಲ್ಲಿ. ಸಾಮಾನ್ಯವಾಗಿ ಇನ್ವರ್ಟರ್ ಬಂದ್ ಆಗುವುದು 10.5 ವೋಲ್ಟ್ ಆಸುಪಾಸಿಗೆ. ಎರಡು ಬಲ್ಬ್, ಒಂದು ಫ್ಯಾನ್ ಓಡಿಸಿ ಅಲ್ಲಿಗೆ ಬಂತೆಂದರೆ ಬ್ಯಾಟರಿಯಲ್ಲಿ ಏನೂ ಉಳಿದಿಲ್ಲ ಎಂದೇ ಅರ್ಥ.

ಬ್ಯಾಟರಿ ಖಾಲಿಯಾಗುವಾಗ ಆಸಿಡ್ಡಿನ ಸಲ್ಫೇಟ್ ಸೀಸದ ಪ್ಲೇಟಿಗೆ ಅಂಟುತ್ತದೆ, ಆಸಿಡ್ ನೀರಾಗುತ್ತ ಬರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಹೋಗುತ್ತದೆ. ಹಾಗೇ ಬಿಟ್ಟರೆ ಕೊಡದ ತಳದಲ್ಲಿ ಜೋನಿ ಬೆಲ್ಲ ಹರಳುಗಟ್ಟಿದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅಷ್ಟು ಜಾಗ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ಸಲ್ಫೇಟ್ ಆದಾಗ ಪ್ಲೇಟಿನ ಸರಕು ಉಬ್ಬುತ್ತದೆ. ಪ್ರತಿ ಸಲ ತಳ ಮುಟ್ಟಿಸಿದರೆ ಉಬ್ಬಿ, ಕುಗ್ಗಿ, ಸಡಿಲಾಗಿ ಉದುರುತ್ತದೆ. ಪ್ಲೇಟಿನ ಸರಕನ್ನು ಕೊಳವೆಯೊಳಗೆ ಹಿಡಿದಿಡುವ ಟ್ಯೂಬುಲರ್ ಬ್ಯಾಟರಿ ಇದನ್ನು ಜಾಸ್ತಿ ತಡೆಯುತ್ತದೆ, ನಿಜ. ಆದರೆ ಅದಕ್ಕೂ ಮಿತಿ ಇದೆ.

ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರಲು ಎರಡು ಮೂರು ದಿನ ಹಿಡಿಯುವುದುಂಟು. ಮೊದಲ ರಾತ್ರಿಯೇ ಬ್ಯಾಟರಿ ಖಾಲಿ ಮಾಡಿ, ಉಳಿದ ದಿನ ಅದನ್ನು ಖಾಲಿಯೇ ಕೂರಿಸುತ್ತೇವೆ. ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಅರ್ಧದಲ್ಲೇ ನಿಲ್ಲಿಸಿ, ದಯವಿಟ್ಟು. ಲೋಡ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಿಡಿದರೆ ತುಂಬಿದ ಬ್ಯಾಟರಿ 12.7 ವೋಲ್ಟ್ ತೋರಿಸುತ್ತದೆ, ಅರ್ಧ ಅಂದರೆ 12.2ರ ಹತ್ತಿರ. ಆಮೇಲೆ ಇನ್ವರ್ಟರನ್ನೂ ಪೂರ್ತಿ ಆಫ್ ಮಾಡಿ. ಸುಮ್ನೆ ಆನ್ ಇದ್ದರೂ ಅದು ಒಂದಿಷ್ಟು ಎಳೆಯುತ್ತಲೇ ಇರುತ್ತದೆ. ಪಕ್ಕದ ಮನೆಯಲ್ಲಿ ಜನರೇಟರ್ ಇದ್ದರೆ ಅದನ್ನೇ ಕೇಳಿ ತಂದು ಬ್ಯಾಟರಿ ಚಾರ್ಜ್ ಮಾಡಿ. 150 ಆಂಪಿಯರ್ ಅವರ್ ಬ್ಯಾಟರಿ 50 ಕಿಲೋಗೂ ಮೇಲೆ, ಅದನ್ನು ಹೊರಲು ಹೋಗಬೇಡಿ.

ಬ್ಯಾಟರಿ ಡಲ್ ಆಯ್ತು ಅಂತ ಹೊಸ ಆಸಿಡ್ ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಲ್ಫೇಟ್ ಪ್ಲೇಟಿನಲ್ಲಿ ಸಿಕ್ಕಿಕೊಂಡಿರುವಾಗ ಮೇಲಿಂದ ಆಸಿಡ್ ಹಾಕಿದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮಾತ್ರ ಮೇಲೇರುತ್ತದೆ, ಬ್ಯಾಟರಿ ಇನ್ನೂ ಬೇಗ ಹಾಳಾಗುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ಪೂರ್ತಿ ಚಾರ್ಜ್ ಆದ ಮೇಲೂ ಬ್ಯಾಟರಿಯ ಆರು ಸೆಲ್‌ಗಳಲ್ಲಿ ಐದು ಹೈಡ್ರೋಮೀಟರಿನಲ್ಲಿ 1.24 ತೋರಿಸಿ ಒಂದು ಮಾತ್ರ 1.15ರಲ್ಲೇ ನಿಂತಿದ್ದರೆ, ರಿಪೇರಿಗೆ ದುಡ್ಡು ಹಾಕಬೇಡಿ. ಹೊಸದು ತರುವಾಗ ಹಳೆಯದನ್ನು ಅಂಗಡಿಗೇ ಕೊಡಿ, ಸೀಸಕ್ಕೆ ಬೆಲೆ ಹಿಡಿಯುತ್ತಾರೆ.